ಮಗುವಿನ ತೂಕ ಕೇಳ್ತೀರಿ, ತಾಯಿಯ ನಿದ್ದೆ?

ಸಿಸ್ಟರ್‌ಗೆ ಕೇಳಿ
ಉತ್ತರ: ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ತುಮಕೂರು

ಪ್ರಶ್ನೆ: ಸಿಸ್ಟರ್, ನನ್ನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಹೆರಿಗೆಯಾಗಿ ಒಂದೂವರೆ ತಿಂಗಳಾಯಿತು. ಎರಡನೆಯದೂ ಹೆಣ್ಣು. ಮಗು ಚೆನ್ನಾಗಿದೆ. ಇವಳು ಮಾತ್ರ ಮಗು ಮಲಗಿದರೂ ಮಲಗಲ್ಲ. ಗೋಡೆ ಕಡೆ ತಿರುಗಿಕೊಂಡು ಅಳ್ತಾಳೆ. ಹಾಲು ಕುಡಿಸಿ ಮಗೂನ ನನ್ನ ಕೈಗೆ ಕೊಟ್ಟುಬಿಡ್ತಾಳೆ. ‘ನನ್ನ ಕೈಲಿ ಆಗಲ್ಲಮ್ಮ’ ಅಂತಾಳೆ. ದೃಷ್ಟಿ ತೆಗೆದಿದ್ದಾಯಿತು, ಯಂತ್ರ ಕಟ್ಟಿಸಿದ್ದಾಯಿತು. ಬೀಗರು ಬಂದು ‘ಕೊಬ್ಬು’ ಅಂದು ಹೋದರು. ನಾನೇನು ಮಾಡಲಿ?
– ಹೆಸರು ಬೇಡ, ಶಿರಾ ತಾಲ್ಲೂಕು

ಉತ್ತರ: ಅಮ್ಮಾ, ಇದು ಕೊಬ್ಬಲ್ಲ. ಬೀಗರ ಮಾತು ಅಲ್ಲಿಗೇ ಬಿಡಿ.

ಹೆರಿಗೆಯಾದ ಎರಡು ಮೂರು ದಿನಕ್ಕೆ ಸುಮ್ಮಸುಮ್ನೆ ಅಳು ಬರುವುದು, ಸಿಡುಕುವುದು ತುಂಬಾ ಜನರಿಗೆ ಆಗುತ್ತದೆ. ಹತ್ತು ಹದಿನೈದು ದಿನದಲ್ಲಿ ತಾನೇ ಹೋಗುತ್ತದೆ. ನಿಮ್ಮ ಮಗಳಿಗೆ ಒಂದೂವರೆ ತಿಂಗಳಾಗಿದೆ. ಮಗು ಮಲಗಿದಾಗಲೂ ನಿದ್ದೆ ಬರ್ತಿಲ್ಲ, ಮಗುವಿನ ಮೇಲೆ ಮನಸ್ಸು ಹೋಗ್ತಿಲ್ಲ. ಹೆರಿಗೆ ನಂತರದ ಖಿನ್ನತೆ ಹೀಗೇ ಇರುತ್ತದೆ. ಇದು ಅಪರೂಪದ್ದೂ ಅಲ್ಲ. ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಲೆಕ್ಕ ಹಾಕಿದಾಗ ನೂರು ತಾಯಂದಿರಲ್ಲಿ ಸುಮಾರು 22 ಜನರಿಗೆ ಇದು ಕಂಡಿತ್ತು. ನಿಮ್ಮ ಬೀದಿಯಲ್ಲೇ ಇನ್ನೊಬ್ಬಳು ಇರಬಹುದು. ಹೇಳಿಕೊಂಡಿಲ್ಲ, ಅಷ್ಟೇ.

ಎರಡನೆಯದೂ ಹೆಣ್ಣು ಅಂತ ಬರೆದಿದ್ದೀರಿ. ಅದನ್ನು ಬರೆದಿದ್ದಕ್ಕೆ ಕಾರಣವೂ ಇರಬೇಕು. ಗೋವಾದಲ್ಲಿ ತಾಯಂದಿರನ್ನು ಗಮನಿಸಿ ನೋಡಿದಾಗ, ಬಡತನ ಮತ್ತು ಗಂಡನ ಹೊಡೆತದ ಜೊತೆಗೆ ಹೆಣ್ಣು ಹುಟ್ಟಿದ್ದೂ ಖಿನ್ನತೆಗೆ ಕಾರಣಗಳ ಪಟ್ಟಿಯಲ್ಲಿ ಬಂತು. ತಪ್ಪು ಮಗುವಿನದಲ್ಲ, ಮಾತಿನದು. ನೋಡೋಕೆ ಬಂದವರು ‘ಅಯ್ಯೋ, ಇದೂ ಹೆಣ್ಣಾ’ ಅಂತ ಬಾಗಿಲಲ್ಲೇ ಅಂದರೆ, ಒಳಗೆ ಮಲಗಿರುವವಳಿಗೆ ಕೇಳಿಸುತ್ತದೆ ಅಲ್ವಾ? ಅಂಥವರನ್ನು ಕಾಫಿ ಕೊಟ್ಟು ಪಡಸಾಲೆಯಿಂದಲೇ ಕಳಿಸಿ. ತವರುಮನೆಯವರಿಗೆ ಅಷ್ಟು ಅಧಿಕಾರ ಇದೆ.

ಯಂತ್ರ ಇರಲಿ, ಅದರಿಂದ ತೊಂದರೆಯಿಲ್ಲ. ಆದರೆ ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಒಂದೂವರೆ ತಿಂಗಳಿಗೆ ಮಗುವಿನ ಚುಚ್ಚುಮದ್ದು ಹೇಗೂ ಇರುತ್ತದೆ. ಮಗು ಜೊತೆ ಇವಳನ್ನೂ ತೋರಿಸಿ. ರಕ್ತ ಎಷ್ಟಿದೆ, ಥೈರಾಯ್ಡ್ ಹೇಗಿದೆ ಅಂತ ಪರೀಕ್ಷೆ ಮಾಡಲು ಕೇಳಿ. ಇವೆರಡು ಕಡಿಮೆಯಾದರೂ ಸುಸ್ತು, ಬೇಜಾರು ಹೀಗೇ ಕಾಣುತ್ತದೆ. ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಅದರಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು. ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ಆಶಾ ಕೈಲಿ ವಿಚಾರಿಸಿಕೊಂಡೇ ಬಸ್ ಹತ್ತಿ. ಅಲ್ಲಿಯವರೆಗೆ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಅಂತಲೇ ಇರುವ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಸಿಗ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ.

ಮನೆಯಲ್ಲಿ ಒಂದು ಕೆಲಸ ಇವತ್ತಿಂದಲೇ ಶುರು ಮಾಡಿ. ಬಾಣಂತಿಗೆ ಬಿಸಿನೀರು, ಸಾಂಬ್ರಾಣಿ, ಮೆಣಸಿನ ಸಾರು ಎಲ್ಲಾ ಮಾಡ್ತೀವಿ, ನಿದ್ದೆ ಮಾತ್ರ ಕೊಡಲ್ಲ. ರಾತ್ರಿ ಒಂದು ಸಲ ಹಾಲು ಕುಡಿಸಿದ ಮೇಲೆ ಮಗುವನ್ನು ನೀವು ಎತ್ತಿಕೊಂಡು ಬೇರೆ ಕೋಣೆಗೆ ಹೋಗಿ. ಮಗು ಮತ್ತೆ ಹಾಲಿಗೆ ಅಳುವವರೆಗೆ ಅವಳನ್ನು ಯಾರೂ ಎಬ್ಬಿಸಬೇಡಿ. ಬಾಣಂತಿ ಕೋಣೆಯ ಕಿಟಕಿಯನ್ನೂ ತೆಗೆಯಿರಿ. ಗಾಳಿ ಬಂದರೆ ಶೀತ ಆಗುತ್ತೆ ಅನ್ನುವವರು ಇದ್ದೇ ಇರ್ತಾರೆ. ನಾನೂ ಆ ಮಾತಿನ ಜೊತೆ ಜಗಳ ಆಡಿಕೊಂಡೇ ರಿಟೈರ್ ಆದವಳು.

ಇನ್ನೊಂದು ಮಾತು ಕೇಳೋಕೆ ಹೆದರಬೇಡಿ. ‘ಸಾಯಬೇಕು ಅನ್ನಿಸುತ್ತಾ ಮಗಳೇ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ. ಅವಳು ಇಲ್ಲದ ದನಿ ಕೇಳುತ್ತೆ ಅಂದರೂ, ಮಗು ತನ್ನದಲ್ಲ ಅಂದರೂ, ನಿದ್ದೆಯೇ ಇಲ್ಲದೆ ಬಡಬಡ ಮಾತಾಡಿದರೂ ಅಷ್ಟೇ. ಬಾಣಂತಿ ಸನ್ನಿ ಅಂತ ನಮ್ಮ ಹಿರಿಯರು ಹೇಳ್ತಿದ್ದದ್ದು ಇದನ್ನೇ. ಸಾವಿರದಲ್ಲಿ ಒಬ್ಬರು ಇಬ್ಬರಿಗೆ ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ. ಅದಕ್ಕೆ ಮಂಗಳವಾರ ಕಾಯುವ ಹಾಗಿಲ್ಲ, 108 ಕರೆಯಿರಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಬಾಣಂತಿ ಮನೆಗೆ ಹೋದಾಗ ಮಗುವಿನ ತೂಕ, ಜ್ವರ, ಹೊಕ್ಕುಳು ಎಲ್ಲಾ ನೋಡ್ತೀವಿ. ತಾಯಿ ಮಂಕಾಗಿರೋದು ಗೊತ್ತಾಗುತ್ತೆ. ಆದರೆ ಏನು ಕೇಳಬೇಕು, ಆಮೇಲೆ ಎಲ್ಲಿಗೆ ಕಳಿಸಬೇಕು ಗೊತ್ತಾಗಲ್ಲ ಮೇಡಂ.
– ಮಧುಗಿರಿ ತಾಲ್ಲೂಕು

ಉತ್ತರ: ಈ ಪತ್ರ ಓದಿ ಖುಷಿಯಾಯಿತು ಕಣಮ್ಮ. ಮಂಕಾಗಿರೋದು ನಿನ್ನ ಕಣ್ಣಿಗೆ ಬಿದ್ದಿದೆಯಲ್ಲ, ಅರ್ಧ ಕೆಲಸ ಆಯಿತು.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಇಷ್ಟು ಸಲ ಒಬ್ಬ ಬಾಣಂತಿಯ ಕೋಣೆಯೊಳಗೆ ಹೋಗುವ ಸರ್ಕಾರಿ ಮನುಷ್ಯರು ನಿಮ್ಮನ್ನು ಬಿಟ್ಟು ಯಾರೂ ಇಲ್ಲ. ಫಾರಂನಲ್ಲಿ ತಾಯಿ ಏನೇನೋ ಮಾತಾಡ್ತಾಳಾ, ಫಿಟ್ಸ್ ಬಂತಾ ಅಂತ ಕೇಳುತ್ತದೆ. ಅದರಿಂದ ತೀರಾ ಜೋರಾದ ಕಾಯಿಲೆ ಸಿಕ್ಕಿಬೀಳುತ್ತದೆ. ಗೋಡೆ ಕಡೆ ತಿರುಗಿ ಅಳುವವಳು ಸಿಗಲ್ಲ.

14ನೇ ದಿನದಿಂದ ಎರಡು ಪ್ರಶ್ನೆ ಸೇರಿಸಿಕೋ. ‘ಇತ್ತೀಚೆಗೆ ಮನಸ್ಸಿಗೆ ತುಂಬಾ ಬೇಜಾರು, ದಾರಿಯೇ ಇಲ್ಲ ಅನ್ನಿಸಿದೆಯಾ?’ ‘ಮೊದಲು ಇಷ್ಟಪಡ್ತಿದ್ದದ್ದು ಈಗ ಯಾವುದೂ ಬೇಡ ಅನ್ನಿಸುತ್ತಾ?’ ಅತ್ತೆ ಪಕ್ಕದಲ್ಲಿ ಕೂತಿದ್ದರೆ ಯಾರೂ ಹೌದು ಅನ್ನಲ್ಲ. ‘ಅಜ್ಜಿ, ಮಗೂನ ಸ್ವಲ್ಪ ಬಿಸಿಲಿಗೆ ಹಿಡಿದುಕೊಂಡು ಬನ್ನಿ’ ಅಂತ ಹೊರಗೆ ಕಳಿಸಿ ಕೇಳು. ಒಂದಕ್ಕೆ ಹೌದು ಅಂದರೂ ಸಮುದಾಯ ಆರೋಗ್ಯ ಅಧಿಕಾರಿಗೆ ಹೇಳು. ಬಾಣಂತಿಯ ಖಿನ್ನತೆ ಗುರುತಿಸೋಕೆ ಎಡಿನ್‌ಬರೋ ಪಟ್ಟಿ ಅಂತ 1987ರಲ್ಲಿ ಬಂದದ್ದು ಕನ್ನಡದಲ್ಲೂ ಇದೆ. ಹತ್ತೇ ಪ್ರಶ್ನೆ, ಹಿಂದಿನ ಏಳು ದಿನದ ಬಗ್ಗೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ ಎಷ್ಟೇ ಬರಲಿ, ಅದಕ್ಕೆ ಹೌದು ಅಂದರೆ ಅವತ್ತೇ ಡಾಕ್ಟರಿಗೆ ತಿಳಿಸು.

ಆಶಾಗಳ ಕೈಲಿ ಇದೆಲ್ಲ ಆಗುತ್ತಾ ಅಂತ ಮೀಟಿಂಗಲ್ಲಿ ಯಾರಾದರೂ ಮೂಗು ಮುರಿದರೆ ಇದನ್ನು ಹೇಳು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಿಮ್ಮಂಥ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆ ಇದ್ದ ತಾಯಂದಿರ ಮನೆಗೆ ಕಳಿಸಿ ಮಾತಾಡಿಸಿದರು. ಮಗುವಿಗೆ ಆರು ತಿಂಗಳಾದಾಗ ಆ ತಾಯಂದಿರಲ್ಲಿ ನೂರಕ್ಕೆ 23 ಜನರಿಗೆ ಮಾತ್ರ ಖಿನ್ನತೆ ಉಳಿದಿತ್ತು. ಬರೀ ಮಾಮೂಲಿ ಭೇಟಿ ಸಿಕ್ಕ ಕಡೆ 53. ಇದು 2008ರಲ್ಲಿ ಪ್ರಕಟವಾಯಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಕೈಪಿಡಿ ಮಾಡಿತು.

ಆದರೆ ಅಲ್ಲಿ ತರಬೇತಿ ಇತ್ತು, ಮೇಲೆ ಕೇಳುವವರಿದ್ದರು. ನಿಮ್ಮ ತಲೆ ಮೇಲೆ ಇನ್ನೊಂದು ಕಾಲಂ ಹೇರಿ ಪ್ರೋತ್ಸಾಹಧನ ಅಷ್ಟೇ ಇಡುವುದಾದರೆ ನಾನು ಒಪ್ಪಲ್ಲ. ತಿಂಗಳ ಸಭೆಯಲ್ಲಿ ಕೇಳಿ: ತರಬೇತಿ ಯಾವಾಗ, ಈ ಭೇಟಿಗೆ ದುಡ್ಡೆಷ್ಟು, ಕಳಿಸಿದ ತಾಯಿಗೆ ಏನಾಯಿತು ಅಂತ ತಾಲ್ಲೂಕು ಆಸ್ಪತ್ರೆಯಿಂದ ನಮಗೆ ವಾಪಸ್ ಚೀಟಿ ಬರುತ್ತಾ? ಕೊನೆಯದನ್ನು ಬಿಡಲೇಬೇಡಿ. ಚೀಟಿ ಬರದಿದ್ದರೆ ಅವಳು ಆಸ್ಪತ್ರೆ ಮುಟ್ಟಿದಳೋ, ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಬಂದಳೋ ಯಾರಿಗೂ ಗೊತ್ತಾಗಲ್ಲ.

ಪ್ರಶ್ನೆ: ನಾನು ಪೀಣ್ಯದಲ್ಲಿ ಕೆಲಸ ಮಾಡ್ತೀನಿ, ಹೆಂಡತಿ ಊರಲ್ಲಿದ್ದಾಳೆ. ಡಾಕ್ಟರು ಖಿನ್ನತೆಗೆ ಮಾತ್ರೆ ಬರೆದಿದ್ದಾರೆ. ಮಗುವಿಗೆ ಹಾಲು ಬಿಡಿಸಬೇಕು ಅಂತಾರೆ ಅಮ್ಮ. ಅಡ್ಮಿಟ್ ಮಾಡಿದರೆ ಮಗೂನ ಬಿಟ್ಟಿರಬೇಕಾ?
– ಕುಣಿಗಲ್

ಉತ್ತರ: ಹಾಲು ಬಿಡಿಸುವುದನ್ನು ಅಮ್ಮನೂ ನೀವೂ ತೀರ್ಮಾನ ಮಾಡಬೇಡಿ. ಸೆರ್ಟ್ರಾಲಿನ್‌ನಂಥ ಮಾತ್ರೆ ಎದೆಹಾಲಿಗೆ ಹೋಗುವುದು ಬಹಳ ಕಡಿಮೆ. ಹಾಲು ಕುಡಿಸುವ ತಾಯಂದಿರಿಗೂ ಅದನ್ನು ಕೊಡ್ತಾರೆ. ಎಲ್ಲಾ ಮಾತ್ರೆಯೂ ಹಾಗಲ್ಲ, ಅದಕ್ಕೇ ಮಗು ಎದೆಹಾಲು ಕುಡಿಯುತ್ತಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಗುಣ ಕಾಣಲು ಎರಡು ಮೂರು ವಾರ ಬೇಕು. ಕೇಳದೆ ಮಧ್ಯದಲ್ಲಿ ನಿಲ್ಲಿಸಬೇಡಿ.

ಅಡ್ಮಿಟ್ ಬೇಕೇ ಆದರೆ, ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡು 2009ರಿಂದ ಇದೆ. ಹೋಗುವಾಗ ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿ ತೆಗೆದುಕೊಂಡು ಹೋಗಿ. ನೀವೂ ರಜೆ ಹಾಕಿ ಜೊತೆಗೆ ಹೋಗಿ. ರಾತ್ರಿ ನಿದ್ದೆ ಎಷ್ಟು, ಊಟ ಎಷ್ಟು ಅಂತ ಡಾಕ್ಟರು ಕೇಳಿದಾಗ ಅವಳೇ ಎಲ್ಲಾ ಹೇಳುವ ಸ್ಥಿತಿಯಲ್ಲಿ ಇರದೇ ಇರಬಹುದು.