ಕಿಸಾನ್ ಸಮ್ಮಾನ್ ಕಂತು ನಿಂತರೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ಮೊದಲೆಲ್ಲ ಸರಿಯಾಗಿ ಬರುತ್ತಿದ್ದ ಪಿಎಂ ಕಿಸಾನ್ ಹಣ ಮೂರು ಕಂತಿನಿಂದ ಬಂದಿಲ್ಲ. ಇ-ಕೆವೈಸಿ ಆಗಿದೆ. ಖಾತೆಗೆ ಆಧಾರ್ ಲಿಂಕ್ ಇದೆ ಎಂದು ಬ್ಯಾಂಕಿನವರೂ ಹೇಳುತ್ತಾರೆ. ಮತ್ತೆ ಎಲ್ಲಿ ನಿಂತಿದೆ?

ಉತ್ತರ: ಕಚೇರಿಗೆ ಅಲೆಯುವ ಮೊದಲು ಪಿಎಂ ಕಿಸಾನ್ ಜಾಲತಾಣದಲ್ಲಿ ನಿಮ್ಮ ನೋಂದಣಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಸಂಖ್ಯೆ ಮರೆತಿದ್ದರೆ ಆಧಾರ್ ಅಥವಾ ಮೊಬೈಲ್ ಸಂಖ್ಯೆಯಿಂದ ಅಲ್ಲೇ ಸಿಗುತ್ತದೆ. ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಇ-ಕೆವೈಸಿ, ಆಧಾರ್ ಬ್ಯಾಂಕ್ ಸೀಡಿಂಗ್, ಈ ಮೂರರ ಮುಂದೆಯೂ 'ಯೆಸ್' ಇರಬೇಕು. ಯಾವುದರ ಮುಂದೆ 'ನೋ' ಇದೆಯೋ ಹಣ ನಿಂತಿರುವುದು ಅಲ್ಲೇ.

ನಿಮ್ಮ ವಿವರ ನೋಡಿದರೆ ಮೂರನೆಯದರ ಮೇಲೆ ಹೆಚ್ಚು ಅನುಮಾನ. ಬ್ಯಾಂಕಿನವರು 'ಲಿಂಕ್ ಆಗಿದೆ' ಎನ್ನುವುದು ಬಹುತೇಕ ಖಾತೆಯ ಕೆವೈಸಿ ಬಗ್ಗೆ. ಸರ್ಕಾರದ ಹಣ ಬರಲು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ನಿಮ್ಮ ಆಧಾರ್‌ಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ದಾಖಲೆ ಬೇಕು. ಅದು ಬೇರೆ ಕೆಲಸ. ಒಂದು ಆಧಾರ್ ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಮ್ಯಾಪ್ ಆಗಿರುತ್ತದೆ, ಕೊನೆಗೆ ಎಲ್ಲಿ ಒಪ್ಪಿಗೆ ಕೊಟ್ಟಿರುತ್ತೀರೋ ಅಲ್ಲಿಗೆ. ನಡುವೆ ಬೇರೆ ಯಾವುದಕ್ಕೋ ಹೊಸ ಖಾತೆ ತೆರೆದು ಅರ್ಜಿಗೆ ಸಹಿ ಹಾಕಿದ್ದರೆ, ಹಣ ಆ ಖಾತೆಗೆ ಸದ್ದಿಲ್ಲದೆ ಬಂದು ಕೂತಿರಲೂಬಹುದು. ಆ ಪಾಸ್‌ಬುಕ್ ಒಮ್ಮೆ ಎಂಟ್ರಿ ಮಾಡಿಸಿ. ಮೈ-ಆಧಾರ್ ಜಾಲತಾಣದ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್'ನಲ್ಲಿ ಬ್ಯಾಂಕಿನ ಹೆಸರು ಕಾಣುತ್ತದೆ. ಬದಲಾಯಿಸಬೇಕಿದ್ದರೆ ಶಾಖೆಯಲ್ಲಿ 'ಡಿಬಿಟಿಗಾಗಿ (ನೇರ ನಗದು ವರ್ಗಾವಣೆಗಾಗಿ) ಎನ್‌ಪಿಸಿಐ ಸೀಡಿಂಗ್' ಎಂದೇ ಕೇಳಿ. ಬರೀ ಆಧಾರ್ ಲಿಂಕ್ ಎಂದರೆ ಮತ್ತೆ ಹಳೆಯ ಉತ್ತರವೇ ಸಿಗುತ್ತದೆ.

ಲ್ಯಾಂಡ್ ಸೀಡಿಂಗ್ 'ನೋ' ಇದ್ದರೆ ಬ್ಯಾಂಕಿನಿಂದ ಏನೂ ಆಗದು. ಆಧಾರ್, ಪಹಣಿ, ಪಾಸ್‌ಬುಕ್ ಪ್ರತಿ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ನಿಮ್ಮ ಎಫ್‌ಐಡಿಯಲ್ಲಿ (ರೈತ ಗುರುತಿನ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿವೆಯೇ ನೋಡಿಸಿ. ಪೋಡಿಯಾಗಿ (ಅಳತೆ ಮಾಡಿ ಭಾಗವಾಗಿ) ಹಿಸ್ಸಾ ನಂಬರ್ ಬದಲಾದ ಜಮೀನು, ಪಹಣಿಯಲ್ಲೊಂದು ಆಧಾರ್‌ನಲ್ಲೊಂದು ಹೆಸರು, ಸಾಮಾನ್ಯವಾಗಿ ಎಡವುವುದು ಇಲ್ಲೇ.

ತಪ್ಪು ಸರಿಯಾದ ಮೇಲೆ, ಅರ್ಹತೆ ಇದ್ದರೆ, ತಡೆದಿದ್ದ ಕಂತುಗಳೂ ಸೇರಿ ಬರುತ್ತವೆ.

ಪ್ರಶ್ನೆ: ತಂದೆ ತೀರಿಕೊಂಡರು. ಅವರ ಹೆಸರಿಗೆ ಬರುತ್ತಿದ್ದ ಹಣ ನನ್ನ ಖಾತೆಗೆ ಬದಲಾಗುತ್ತದೆಯೇ?

ಉತ್ತರ: ಬದಲಾಗುವುದಿಲ್ಲ, ನೀವು ಹೊಸದಾಗಿ ನೋಂದಾಯಿಸಬೇಕು. ಸಾವಿನ ನಂತರ ಜಮೆಯಾದ ಕಂತನ್ನು ಬಳಸಬೇಡಿ, ವಾಪಸ್ ಕಟ್ಟಬೇಕಾಗುತ್ತದೆ. ಮೊದಲು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಕೊಟ್ಟು ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಿ, ಪಹಣಿಗೆ ನಿಮ್ಮ ಹೆಸರು ಬಂದ ಮೇಲೆ ಎಫ್‌ಐಡಿ.

ಇಲ್ಲೊಂದು ಸೂಕ್ಷ್ಮವಿದೆ. 2019ರ ಫೆಬ್ರುವರಿ 1ರ ನಂತರ ಹೆಸರಿಗೆ ಬಂದ ಜಮೀನಿಗೆ ಈ ಯೋಜನೆ ಅನ್ವಯಿಸುವುದು ಮಾಲೀಕರ ಮರಣದಿಂದ ವಾರಸಾಗಿ ಬಂದಿದ್ದರೆ ಮಾತ್ರ. ಕ್ರಯ, ದಾನಪತ್ರಕ್ಕೆ ಇಲ್ಲ. ಹಾಗಾಗಿ ಅರ್ಜಿಯಲ್ಲಿ ವರ್ಗಾವಣೆಯ ಕಾರಣ 'ತಂದೆಯ ಮರಣ' ಎಂದೇ ದಾಖಲಾಗಲಿ. ಆಪರೇಟರ್ ಅವಸರದಲ್ಲಿ ಬೇರೆ ಆಯ್ಕೆ ಒತ್ತಿದರೆ ತಿರಸ್ಕೃತವಾದಂತೆಯೇ.

ಪ್ರಶ್ನೆ: ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಪಹಣಿ ಇದೆ. ಇಬ್ಬರಿಗೂ ವರ್ಷಕ್ಕೆ 6,000 ರೂಪಾಯಿ ಸಿಗುವುದೇ?

ಉತ್ತರ: ಇಲ್ಲ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ, ಒಂದೇ ಪಾವತಿ.