ನೆಟ್ಟಗೆ ಕೆಳಗಿಳಿದರೆ ಅದೇ ಹತ್ತಿರ ಅಲ್ವಾ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ಓದುತ್ತಿದ್ದೇನೆ. (3, 7) ಬಿಂದುವಿನಿಂದ 3ಎಕ್ಸ್ + 4ವೈ − 12 = 0 ಎಂಬ ರೇಖೆಗೆ ಇರುವ ಅತಿ ಕಡಿಮೆ ದೂರ ಕಂಡುಹಿಡಿಯಬೇಕಿತ್ತು. ಗ್ರಾಫ್ ಹಾಳೆಯಲ್ಲಿ ಬಿಂದುವಿನಿಂದ ಲಂಬ ಇಳಿಸಿ ಅಳೆದೆ, 6.25 ಬಂತು. ಪುಸ್ತಕದಲ್ಲಿ ಉತ್ತರ 5 ಅಂತಿದೆ. ಸೂತ್ರ ಬಾಯಿಪಾಠ ಇದೆ, ಆದರೆ ಅದರಲ್ಲಿ ವರ್ಗಮೂಲದಿಂದ ಯಾಕೆ ಭಾಗಿಸಬೇಕು ಅಂತ ಅರ್ಥ ಆಗಿಲ್ಲ.
— ಓದುಗಿ, ಹಾಸನ

ಉತ್ತರ: ನಿನ್ನ ಅಳತೆ ಸರಿಯಾಗಿದೆ. ಎಡವಟ್ಟಾಗಿದ್ದು ‘ಲಂಬ’ ಅನ್ನೋ ಪದದಿಂದ. ಲಂಬ ಅಂದ ಕೂಡಲೇ ನಮಗೆ ನೆನಪಾಗುವುದು ಗೋಡೆ ಕಟ್ಟುವವರು ದಾರ ಕಟ್ಟಿ ಇಳಿಬಿಡುವ ಗುಂಡು, ಅದು ನೆಟ್ಟಗೆ ಕೆಳಗೇ ಇಳಿಯುತ್ತದೆ. ಇಲ್ಲಿ ಬೇಕಾಗಿರುವುದು ಹಾಳೆಯ ಕೆಳಗಿನ ಅಂಚಿಗೆ ಲಂಬ ಅಲ್ಲ, ಆ ರೇಖೆಗೆ ಲಂಬ. ರೇಖೆ ಓರೆಯಾಗಿದೆ, ಹಾಗಾಗಿ ದಾರಿಯೂ ಓರೆಯಾಗಲೇಬೇಕು.

ಈಗ ವರ್ಗಮೂಲಕ್ಕೆ ಬರೋಣ. (3, 7) ಅನ್ನು 3ಎಕ್ಸ್ + 4ವೈ − 12 ರಲ್ಲಿ ಹಾಕು: 9 + 28 − 12, ಅಂದರೆ 25. ರೇಖೆಯ ಮೇಲೆ ಇದರ ಬೆಲೆ 0. ಈ 25 ಅನ್ನು ಆದಷ್ಟು ಕಡಿಮೆ ನಡೆದು ಸೊನ್ನೆಗೆ ಇಳಿಸಬೇಕು, ಇಡೀ ಲೆಕ್ಕ ಇಷ್ಟೇ. ನೆಟ್ಟಗೆ ಕೆಳಗೆ ಒಂದು ಹೆಜ್ಜೆ ಇಟ್ಟರೆ ಬೆಲೆ 4 ಕಡಿಮೆಯಾಗುತ್ತದೆ, 25 ಅನ್ನು 4 ರಿಂದ ಭಾಗಿಸಿದರೆ ನಿನಗೆ ಬಂದ ಅದೇ 6.25. ಎಡಕ್ಕೆ ಒಂದು ಹೆಜ್ಜೆ ಇಟ್ಟರೆ 3 ಮಾತ್ರ ಕಡಿಮೆಯಾಗುತ್ತದೆ, ಹಾಗೆ ಹೋದರೆ 8 ಹೆಜ್ಜೆಗೂ ಜಾಸ್ತಿ ಬೇಕು. ಆದರೆ ಎಡಕ್ಕೆ 3, ಕೆಳಗೆ 4 ಅಂತ ಓರೆಯಾಗಿ ಹೋಗಿ ನೋಡು: ನಡೆದದ್ದು 5 (ಪೈಥಾಗರಸ್), ಬೆಲೆ ಇಳಿದದ್ದು 9 + 16 = 25. ಒಂದು ಹೆಜ್ಜೆಗೆ 5! ಬೇರೆ ಯಾವ ದಿಕ್ಕಿನಲ್ಲೂ ಇಷ್ಟು ಬೇಗ ಇಳಿಯುವುದಿಲ್ಲ. ಆ 5 ಎಂದರೆ 3 ಮತ್ತು 4 ರ ವರ್ಗಗಳನ್ನು ಕೂಡಿಸಿ ತೆಗೆದ ವರ್ಗಮೂಲವೇ, ನೀನು ಬಾಯಿಪಾಠ ಮಾಡಿದ ಸೂತ್ರದ ಕೆಳಗೆ ಕೂತಿರುವುದು ಅದೇ. ಸಮೀಕರಣದಲ್ಲಿ ಸುಮ್ನೆ ಕಾಣುವ 3, 4 ಲಂಬದ ದಿಕ್ಕನ್ನೇ ಹೇಳುತ್ತಿವೆ, ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾಗುವ ವಿಷಯ ಇದು. ನಡೆದು ಮುಟ್ಟಿದ ಜಾಗ (0, 3). ಅಲ್ಲಿ 12 − 12 = 0, ರೇಖೆಯ ಮೇಲೇ ಇದ್ದೀಯ.

ಬೆಲೆ ಋಣ ಸಂಖ್ಯೆ ಬಂದರೆ ಗಾಬರಿ ಬೇಡ. ಬಿಂದು ರೇಖೆಯ ಆಚೆ ಬದಿಗಿದೆ ಅಂತ ಅಷ್ಟೇ, ಚಿಹ್ನೆ ಬಿಟ್ಟು ದೂರ ಬರೆ.

ಹಾಳೆಯ ಮೇಲೂ ಒಮ್ಮೆ ನೋಡಿಬಿಡು. ಎರಡೂ ಅಕ್ಷಕ್ಕೆ ಒಂದೇ ಅಳತೆ ಇಟ್ಟುಕೊ, ಇಲ್ಲದಿದ್ದರೆ ಲಂಬಕೋನ ಲಂಬಕೋನವಾಗಿ ಕಾಣುವುದೇ ಇಲ್ಲ. ಕೈವಾರದ ಮುಳ್ಳನ್ನು (3, 7) ರಲ್ಲಿ ಊರಿ 6.25 ತ್ರಿಜ್ಯದ ವೃತ್ತ ಎಳೆ. ಅದು ರೇಖೆಯನ್ನು ಎರಡು ಕಡೆ ಕತ್ತರಿಸುತ್ತದೆ. ಆ ಎರಡರ ನಡುವಿನ ಬಿಂದುಗಳೆಲ್ಲ ವೃತ್ತದ ಒಳಗಿವೆ, ಅಂದರೆ 6.25 ಕ್ಕಿಂತ ಹತ್ತಿರದಲ್ಲಿವೆ ಅಲ್ವಾ? ಕೈವಾರವನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತಾ ಬಾ. 5 ಕ್ಕೆ ಬಂದಾಗ ವೃತ್ತ ರೇಖೆಯನ್ನು (0, 3) ರಲ್ಲಿ ಒಂದೇ ಒಂದು ಕಡೆ ತಾಗುತ್ತದೆ. 4.9 ಕ್ಕೆ ಇಳಿಸಿದರೆ ತಾಗುವುದೇ ಇಲ್ಲ.