ಓದೋ ಜಾಗದಲ್ಲಿ ಶನಿವಾರದ ಜಾತ್ರೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ದೊಡ್ಡ ಸಂಶೋಧನೆ ನಡೆಯುವ ಜಾಗ ಅಂತ ಸಾಲ ಮಾಡಿ ಕಳಿಸಿದೆವು. ಶನಿವಾರ ಫೋನ್ ಮಾಡಿದರೆ ಹಿಂದೆ ಬರೀ ಬ್ಯಾಂಡು, ಕೂಗಾಟ. ಊರಿಗೆ ಊರೇ ಫುಟ್‌ಬಾಲ್ ನೋಡಲು ಹೊರಟಿದೆಯಂತೆ. ಈಗ ಅವನಿಗೂ ಟಿಕೆಟ್ ಬೇಕಂತೆ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಸ್ವಾಮಿ? ನಮ್ಮ ಫೀಸು ಚೆಂಡಾಟಕ್ಕೆ ಹೋಗುತ್ತಿದೆಯಾ?"

ಸಂಪಾದಕರ ಉತ್ತರ:

ಫೀಸಿನ ವಿಷಯ ಮೊದಲು ಮುಗಿಸಿಬಿಡೋಣ. ಅಮೆರಿಕದ ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ದುಡ್ಡಿನಲ್ಲೇ ತಂಡ ಸಾಕುತ್ತವೆ, ನಿಜ. ಮಿಷಿಗನ್ ಹಾಗಲ್ಲ. ಅಲ್ಲಿ ಕ್ರೀಡಾ ವಿಭಾಗದ ಲೆಕ್ಕವೇ ಬೇರೆ. ಟಿಕೆಟ್, ಟಿ.ವಿ. ಹಕ್ಕು, ದೇಣಿಗೆ, ಹೀಗೆ ಬಹುಮಟ್ಟಿಗೆ ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುತ್ತದೆ. ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಡಿಕ್ಕಿ ಹೊಡೆದುಕೊಂಡು ಆಡುವ ಅಮೆರಿಕದ ಆಟ) ಅಲ್ಲಿ ದುಡಿಯುವ ಎತ್ತು. ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್ ಎಲ್ಲ ಅದರ ದುಡಿಮೆಯ ಮೇಲೆ ನಡೆಯುತ್ತವೆ. ಹಾಗಂತ ಲ್ಯಾಬಿಗೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ. ಅಲ್ಲಿ ಸಂಶೋಧನೆಗೆ ವರ್ಷಕ್ಕೆ 150 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಗುತ್ತದೆ. ಹೆಚ್ಚಿನ ಪಾಲು ಕೇಂದ್ರ ಸರ್ಕಾರದ್ದು. ಕ್ರೀಡೆಯ ಬಜೆಟ್ ಅದರ ಕಾಲು ಭಾಗವೂ ಆಗುವುದಿಲ್ಲ.

ಹಾಗಾದರೆ ಯಾಕೆ ಬೇಕು? ಇದೇ ಪ್ರಶ್ನೆ ನನಗೂ ಇತ್ತು. ಕೆಲವು ವರ್ಷಗಳ ಹಿಂದೆ ನೆಂಟರ ಮನೆಗೆ ಹೋದಾಗ ಒಂದು ಶನಿವಾರ ಆ ಊರಲ್ಲಿ, ಅಂದರೆ ಆನ್ ಆರ್ಬರ್‌ನಲ್ಲಿ, ಇದ್ದೆ. ಬೆಳಿಗ್ಗೆಯೇ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಸಾಲುಸಾಲು ಕಾರು. ಹಿಂದಿನ ಬಾಗಿಲು ಎತ್ತಿ, ಒಲೆ ಹೂಡಿ, ಮಾಂಸ ಸುಡುತ್ತಾ ಕೂತಿದ್ದಾರೆ. ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ತೋಪಿನಲ್ಲಿ ಬಿಡಾರ ಹೂಡುತ್ತಿದ್ದರಲ್ಲ, ಥೇಟ್ ಹಾಗೇ. ಎಲ್ಲರ ಮೈಮೇಲೂ ನೀಲಿ ಮತ್ತು ಹಳದಿ. ಆ ಹಳದಿಗೆ ಅವರಿಟ್ಟ ಹೆಸರು ಮೆಕ್ಕೆಜೋಳ. ನಿಮ್ಮ ಕಡೆ ರಸ್ತೆ ಮೇಲೆ ಒಣಹಾಕಿರುತ್ತಾರಲ್ಲ, ಅದೇ ಬಣ್ಣ.

ಕ್ರೀಡಾಂಗಣದ ಗೇಟಿನ ಹತ್ತಿರ ನಿಂತಾಗ 'ಇಷ್ಟೇನಾ' ಅನ್ನಿಸಿತು. ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ನಾನು ನಿಂತಿರುವುದು ಮೇಲ್ಗಡೆ. ಆಟದ ಬಯಲು ಎಲ್ಲೋ ಪಾತಾಳದಲ್ಲಿ. ನಮ್ಮ ಕಲ್ಯಾಣಿಗಳ ಮೆಟ್ಟಿಲಿನ ಹಾಗೆ ಬೆಂಚುಗಳು ಸುತ್ತಲೂ ಕೆಳಕ್ಕೆ ಇಳಿಯುತ್ತವೆ. 1927ರಲ್ಲಿ ನೆಲ ತೋಡಿ ಕಟ್ಟಿದ್ದು ಅದು. ಫೀಲ್ಡಿಂಗ್ ಯೋಸ್ಟ್ ಎಂಬ ಹಠಮಾರಿ ಕ್ರೀಡಾ ನಿರ್ದೇಶಕ ತಲಾ 500 ಡಾಲರ್‌ನ 3,000 ಬಾಂಡ್ ಮಾರಿ ಹಣ ಹೊಂದಿಸಿದ. ಈಗ 1,07,601 ಜನ ಕೂರಬಹುದು. ಊರಿನ ಜನಸಂಖ್ಯೆಯೇ ಒಂದೂಕಾಲು ಲಕ್ಷದ ಆಸುಪಾಸು! ಕೊನೆಯ ಆ 'ಒಂದು' ಸೀಟು ಹಳೆಯ ಕೋಚ್ ಫ್ರಿಟ್ಜ್ ಕ್ರೈಸ್ಲರ್ ಹೆಸರಿನದು. ಎಲ್ಲಿದೆ ಅಂತ ವಿಶ್ವವಿದ್ಯಾಲಯದವರು ಹೇಳುವುದಿಲ್ಲ. ಪಕ್ಕದಲ್ಲಿದ್ದ ಮುದುಕ ತನ್ನ ಸೀಟೇ ಅದು ಅಂದ. ಅವನ ಮುಂದಿನವನೂ ಅದನ್ನೇ ಅಂದ.

ಆ ಮುದುಕ ಆ ವಿಶ್ವವಿದ್ಯಾಲಯದಲ್ಲಿ ಓದಿದವನೇ ಅಲ್ಲ. ಟ್ರಕ್ ಓಡಿಸಿಕೊಂಡಿದ್ದವನು. ಆದರೂ ಮಾತಿಗೊಮ್ಮೆ 'ನಾವು', 'ನಮ್ಮ ಹುಡುಗರು'. ನನಗೆ ಉತ್ತರ ಸಿಕ್ಕಿದ್ದು ಅಲ್ಲೇ.

ಮಿಷಿಗನ್ ವಿಶ್ವವಿದ್ಯಾಲಯ ಹುಟ್ಟಿದ್ದು 1817ರಲ್ಲಿ. ಮಿಷಿಗನ್ ರಾಜ್ಯವಾಗಿದ್ದು 1837ರಲ್ಲಿ. ಮನೆಗಿಂತ ಮುಂಚೆ ಬಾವಿ ತೋಡಿದ ಹಾಗೆ. 1955ರ ಏಪ್ರಿಲ್ 12ರಂದು ಸಾಲ್ಕ್ ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ಗೊತ್ತಾಗಿದ್ದು ಇದೇ ಆವರಣದ ರ‍್ಯಾಕಮ್ ಸಭಾಂಗಣದಲ್ಲಿ. ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡ ಆ ಪರೀಕ್ಷೆಯ ಲೆಕ್ಕ ತೆಗೆದವರು ಇಲ್ಲಿಯ ಪ್ರೊಫೆಸರ್ ಥಾಮಸ್ ಫ್ರಾನ್ಸಿಸ್. ಆಟದ ಯಾವ ಗೆಲುವು ಇದಕ್ಕೆ ಸಮ? ಆದರೆ ಟ್ರಕ್ಕಿನವನು ಅದನ್ನು ಪ್ರತಿ ಶನಿವಾರ ನೋಡಲಾರ. ತೆರಿಗೆ ಕಟ್ಟುವವನಿಗೆ ಲ್ಯಾಬಿನ ಬಾಗಿಲು ತೆರೆಯುವುದಿಲ್ಲ, ಕ್ರೀಡಾಂಗಣದ ಗೇಟು ತೆರೆಯುತ್ತದೆ.

ಆಟವಿಲ್ಲದೆ ಬದುಕಲಾಗದೇ ಅಂದರೆ, ಖಂಡಿತ ಆಗುತ್ತದೆ. ನಮ್ಮ ಎ.ಕೆ. ರಾಮಾನುಜನ್ ಪಾಠ ಮಾಡಿದ ಶಿಕಾಗೊ ವಿಶ್ವವಿದ್ಯಾಲಯ 1939ರಲ್ಲಿ ದೊಡ್ಡ ಫುಟ್‌ಬಾಲನ್ನೇ ಕೈಬಿಟ್ಟಿತು. ಮೂರು ವರ್ಷದ ನಂತರ, 1942ರ ಡಿಸೆಂಬರ್ 2ರಂದು, ಆ ಮೈದಾನದ ಗ್ಯಾಲರಿ ಅಡಿಯಲ್ಲಿದ್ದ ಸ್ಕ್ವಾಷ್ ಅಂಕಣದಲ್ಲೇ ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ತಂಡ ಮೊದಲ ಅಣು ಸರಪಳಿ ಕ್ರಿಯೆ ನಡೆಸಿ ತೋರಿಸಿತು. ಆದರೆ ಶಿಕಾಗೊ ಖಾಸಗಿ. ಅದು ಶಾಸನಸಭೆಯ ಮುಂದೆ ವರ್ಷ ವರ್ಷ ಕೈಚಾಚಬೇಕಿಲ್ಲ.

ನನ್ನ ತಕರಾರು ಬೇರೆ. ಗಲಾಟೆ ಬಗ್ಗೆ ಅಲ್ಲ, ಕೂಲಿ ಬಗ್ಗೆ. ಕೋಚ್‌ಗೆ ವರ್ಷಕ್ಕೆ 70 ಲಕ್ಷ ಡಾಲರ್ ಮೇಲೆ ಸಿಗುತ್ತಿದ್ದಾಗ, ತಲೆ ಜಜ್ಜಿಸಿಕೊಂಡು ಆಡುವ ಹುಡುಗನಿಗೆ ಸಿಗುತ್ತಿದ್ದುದು ಮುಖ್ಯವಾಗಿ ವಿದ್ಯಾರ್ಥಿವೇತನ: ಫೀಸು, ಊಟ, ರೂಮು, ಪುಸ್ತಕ. 'ಅವರು ವಿದ್ಯಾರ್ಥಿಗಳು, ಕೆಲಸಗಾರರಲ್ಲ' ಅನ್ನುವುದೇ ಎಲ್ಲದಕ್ಕೂ ಉತ್ತರ. 2021ರಿಂದ ಜಾಹೀರಾತಿನ ದುಡ್ಡು ಪಡೆಯಲು ಬಿಟ್ಟರು. 2025ರ ಜುಲೈನಿಂದ ವಿಶ್ವವಿದ್ಯಾಲಯವೇ ನೇರವಾಗಿ ಕೊಡಬಹುದು, ಒಂದೊಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷ ಸುಮಾರು 2 ಕೋಟಿ ಡಾಲರ್ ಮಿತಿ. ಕೋರ್ಟು ಮೆಟ್ಟಿಲು ಹತ್ತಿಸಿದ ಮೇಲೆ ಬಂದ ಬುದ್ಧಿ ಇದು, ತಾನಾಗಿ ಬಂದದ್ದಲ್ಲ. ಈಗ ಹುಡುಗರು ಜಾಸ್ತಿ ದುಡ್ಡು ಕೊಡುವ ಕಡೆ ಜಿಗಿಯುತ್ತಾರೆ ಎಂದು ಗೊಣಗುವವರಿದ್ದಾರೆ. ಕೋಚ್‌ಗಳು ಜಿಗಿಯುವಾಗ ಈ ಗೊಣಗಾಟ ಇಷ್ಟು ಜೋರಾಗಿರಲಿಲ್ಲ, ಅಲ್ವಾ?

ಇನ್ನು ಟಿಕೆಟ್. ಕೊಡಿಸಿ. ವಿದ್ಯಾರ್ಥಿ ಟಿಕೆಟ್ ಬೇರೆಯೇ ಇರುತ್ತದೆ, ಅದನ್ನೇ ತೆಗೆದುಕೊಳ್ಳಲು ಹೇಳಿ. ಒಳಗೆ ಬ್ಯಾಗ್ ಬಿಡುವುದಿಲ್ಲ. ನವೆಂಬರ್ ಕೊನೆಯಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಪಂದ್ಯವಾದರೆ ಕೊರೆಯುವ ಚಳಿ, ಬೆಂಚೆಲ್ಲ ಲೋಹದ್ದು. ನೀವು ಕೊಟ್ಟು ಕಳಿಸಿದ ಕಂಬಳಿ ಇನ್ನೂ ಇದ್ದರೆ ಹೊದ್ದುಕೊಂಡು ಹೋಗಲಿ. ಪಕ್ಕದವರು ಆ ಒಂದು ಸೀಟು ತಮ್ಮದೇ ಅಂದರೆ ಸುಮ್ನೆ ಹೂಂ ಅನ್ನಲಿ.